ಹೊರಡುವ ಮೊದಲೇ ಅರ್ಧ ಚಿತ್ರ

ಕಪಾಟಿನ ಮೂಲೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಯಾಶಿಕಾ, ಝೆನಿಟ್, ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾಗಳು ಮತ್ತೆ ಹೆಗಲಿಗೇರುತ್ತಿವೆ. ಅಪ್ಪನೋ ಅಜ್ಜನೋ ಬಳಸಿ ಬಿಟ್ಟ ಯಂತ್ರವನ್ನು ಒರೆಸಿ, ಶಟರ್ ಸರಿಮಾಡಿಸಿ, ಕೊರಿಯರಿನಲ್ಲಿ ರೋಲು ತರಿಸಿಕೊಂಡು ಬಾದಾಮಿ, ಹಂಪಿ, ದಾಂಡೇಲಿಯ ಕಡೆ ಹೊರಡುವ ಹರೆಯದವರು ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ಡಿಜಿಟಲ್ ಕಾಲದಲ್ಲಿ ಫಿಲ್ಮ್ ಯಾಕೆ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಚಿತ್ರದ ಮೇಲ್ಮೈಗೆ ಸಂಬಂಧಿಸಿದ್ದು: ಬಣ್ಣ ಮೆತ್ತಗಿರುತ್ತದೆ, ಬೆಳ್ಳಿಯ ಕಣ ಕಾಣುತ್ತದೆ, ಹಳೆಯ ಕಾಲದ ಸೊಗಸಿದೆ. ಈ ಉತ್ತರ ಸಾಲದು. ಆ ಬಣ್ಣ, ಆ ಕಣ ಎರಡನ್ನೂ ಮೊಬೈಲಿನ ಆ್ಯಪ್ ಕ್ಷಣದಲ್ಲಿ ಕೊಡುತ್ತದೆ. ಶಟರ್ ಒತ್ತುವುದಕ್ಕೆ ಮುಂಚೆಯೇ ಫಿಲ್ಮ್ ನಮ್ಮಿಂದ ಎರಡು ಸಂಗತಿಗಳನ್ನು ವಸೂಲಿ ಮಾಡುತ್ತದೆ, ಅದರ ನಿಜವಾದ ಬೆಲೆ ಇರುವುದು ಅಲ್ಲಿಯೇ ಎಂಬುದು ನನ್ನ ವಾದ. ಒಂದು, ಪ್ರಯಾಣದ ಸಿದ್ಧತೆ. ಇನ್ನೊಂದು, ಜನರ ಒಡನಾಟ. ಈ ಎರಡನ್ನೂ ಗಂಭೀರವಾಗಿ ತೆಗೆದುಕೊಂಡವರ ಕೆಲಸ ಬಹುಕಾಲ ಉಳಿದಿದೆ. ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ, ಧಾರವಾಡದ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತ ಪುಸ್ತಕವೊಂದಿದೆ.

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್’ ಎಂಬ ದೊಡ್ಡ ಪುಸ್ತಕವನ್ನು ಹೊರತಂದಿತು. ಅದರಲ್ಲಿರುವ ಚಿತ್ರಗಳು ಮೂವರವು: ಬೊಂಬಾಯಿ ಫಿರಂಗಿ ದಳದ ಥಾಮಸ್ ಬಿಗ್ಸ್, ಬೊಂಬಾಯಿ ವೈದ್ಯಕೀಯ ಸೇವೆಯ ಡಾ. ವಿಲಿಯಂ ಹೆನ್ರಿ ಪಿಗೊ ಮತ್ತು ಎ.ಸಿ.ಬಿ. ನೀಲ್. ಪುಸ್ತಕ ಅಚ್ಚಾಗುವ ಹೊತ್ತಿಗೆ ಪಿಗೊ ತೀರಿಹೋಗಿ ಎಂಟು ವರ್ಷವಾಗಿತ್ತು. ಶೀರ್ಷಿಕೆ ಪುಟದಲ್ಲೇ ಅವರ ಹೆಸರಿನ ಹಿಂದೆ ‘ದಿವಂಗತ’ ಎಂದಿದೆ. ಶಿಲ್ಪಗಳನ್ನು ಕೈಯಿಂದ ಬಿಡಿಸುವ ಚಿತ್ರಗಾರರಿಗಿಂತ ಕ್ಯಾಮೆರಾ ಅಗ್ಗ, ನಿಖರ ಎಂದು ಈಸ್ಟ್ ಇಂಡಿಯಾ ಕಂಪನಿ 1850ರ ದಶಕದ ನಡುವಿನಲ್ಲಿ ಲೆಕ್ಕ ಹಾಕಿತ್ತು. ಅದರ ಫಲವಾಗಿ ಬಿಗ್ಸ್ 1855ರಲ್ಲಿ ವಿಜಯಪುರ, ಐಹೊಳೆ, ಬಾದಾಮಿಗಳ ಕಡೆ ಬಂದು ನೂರಕ್ಕೂ ಹೆಚ್ಚು ಕಾಗದದ ನೆಗೆಟಿವ್ ಮಾಡಿದರು. ಸೇನೆ ಅವರನ್ನು ವಾಪಸು ಕರೆಸಿಕೊಂಡಾಗ ಕೆಲಸ ಪಿಗೊ ಅವರ ಕೈಗೆ ಬಂತು.

ಆ ಕಾಲದ ಪ್ರಯಾಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹುಬ್ಬಳ್ಳಿಗೆ ರೈಲು ಬರಲು ಇನ್ನೂ ಸುಮಾರು ಮೂರು ದಶಕ ಬಾಕಿಯಿತ್ತು. ಕ್ಯಾಮೆರಾ ಎಂದರೆ ಮರದ ದೊಡ್ಡ ಪೆಟ್ಟಿಗೆ. ನೆಗೆಟಿವ್ ಎಂದರೆ ಬೆಳ್ಳಿಯ ಲವಣ ಸವರಿದ ಕಾಗದ. ಗಾಜಿನ ಫಲಕದ ಹೊಸ ವಿಧಾನವೂ 1851ರಲ್ಲೇ ಬಂದಿತ್ತು, ಆದರೆ ಅದನ್ನು ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಹಸಿ ಇರುವಾಗಲೇ ತೊಳೆಯಬೇಕು. ನಮ್ಮ ಬಯಲುಸೀಮೆಯ ಬಿಸಿಲಿಗೆ ಅದು ಒಗ್ಗುವಂಥದ್ದಲ್ಲ. ಅದೇ ವರ್ಷ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಾಗದಕ್ಕೆ ಮೇಣ ಹಿಡಿಸುವ ಕ್ರಮವನ್ನು ಪ್ರಕಟಿಸಿದ್ದರು. ಮೇಣದ ಕಾಗದವನ್ನು ಹಲವು ದಿನ ಮುಂಚಿತವಾಗಿ ಸಿದ್ಧಪಡಿಸಿಟ್ಟುಕೊಳ್ಳಬಹುದು, ಚಿತ್ರ ತೆಗೆದ ಮೇಲೂ ಕೆಲವು ದಿನ ತಡೆದು ತೊಳೆಯಬಹುದು. ಪ್ರಯಾಣಿಕರು ಕಾಗದವನ್ನೇ ಹಿಡಿದದ್ದಕ್ಕೆ ಕಾರಣ ಇದು. ಆದರೆ ಅದು ಬೆಳಕಿಗೆ ನಿಧಾನವಾಗಿ ಸ್ಪಂದಿಸುವ ವಸ್ತು. ಒಂದು ಗೋಡೆಯ ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಅಂದರೆ ಯಾವ ಗುಡಿ, ಯಾವ ಮೂಲೆ, ಯಾವ ಹೊತ್ತಿನ ಬಿಸಿಲು, ಎಷ್ಟು ಕಾಗದ, ನೀರು ಎಲ್ಲಿ ಸಿಗುತ್ತದೆ, ಕತ್ತಲೆ ಕೋಣೆ ಎಲ್ಲಿ ಕಟ್ಟಬೇಕು ಎಂಬುದೆಲ್ಲ ಬಿಡಾರದಲ್ಲೇ ತೀರ್ಮಾನವಾಗಬೇಕು. ಆ ಚಿತ್ರಗಳಲ್ಲಿ ಇಂದಿಗೂ ಕಾಣುವ ಸ್ಥಿರತೆ, ಒಂದು ಅನವಶ್ಯಕ ಕೋನವೂ ಇಲ್ಲದ ಶಿಸ್ತು, ಬಹುಪಾಲು ಈ ತೀರ್ಮಾನಗಳಿಂದ ಬಂದದ್ದು.

ಸಿದ್ಧತೆ ಮಾತ್ರ ಸಾಕಾಗಿದ್ದರೆ ಅವು ಸರ್ಕಾರಿ ಕಡತದಲ್ಲಿ ಕೊಳೆಯುತ್ತಿದ್ದವು. ಚಿತ್ರಕ್ಕೆ ಮಾತು ಕೊಟ್ಟವರು ಇಬ್ಬರು. ಇತಿಹಾಸದ ಭಾಗ ಬರೆದ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಆಡಳಿತವನ್ನು 1840ರ ದಶಕದಲ್ಲಿ ನೋಡಿಕೊಂಡವರು, ಈ ಸೀಮೆಯ ನೆಲವನ್ನು ಕಾಲಲ್ಲಿ ಅಳೆದವರು. ಶಿಲ್ಪದ ಟಿಪ್ಪಣಿ ಬರೆದ ಜೇಮ್ಸ್ ಫರ್ಗುಸನ್ ಭಾರತ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮ ಕಡೆಯ ಚಾಲುಕ್ಯ ಗುಡಿಗಳ ಬಗ್ಗೆ ಅವರು ಬರೆದದ್ದು ಬಹುಮಟ್ಟಿಗೆ ಈ ಫೋಟೊಗಳನ್ನು ಮುಂದಿಟ್ಟುಕೊಂಡು. ಅವರ ಊಹೆಗಳಲ್ಲಿ ಹಲವು ಮುಂದೆ ತಪ್ಪೆಂದು ಗೊತ್ತಾಯಿತು. ಐಹೊಳೆಯ ದುರ್ಗಾ ಗುಡಿಯ ದುಂಡನೆಯ ಹಿಂಬದಿಯನ್ನು ಕಂಡು ಅವರು ಬೌದ್ಧ ಚೈತ್ಯವನ್ನು ನೆನೆದರು. ತಪ್ಪನ್ನು ತಿದ್ದಿದವರೂ ಅದೇ ಕಟ್ಟಡವನ್ನು ನೋಡಿಯೇ ತಿದ್ದಿದರು, ಮತ್ತು ಚರ್ಚೆ ಶುರುವಾಗಲು ಒಂದು ಫೋಟೊ ಬೇಕಾಯಿತು. ತೆಗೆಯುವವ, ಊರು ಬಲ್ಲವ, ಶಿಲ್ಪ ಬಲ್ಲವ ಎಂಬ ಈ ಮೂವರು ಜೊತೆಯಾದಾಗ ಮಾತ್ರ ಫೋಟೊಗಳ ಗುಂಪು ಒಂದು ಯೋಜನೆಯಾಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಬಿಗ್ಸ್, ಪಿಗೊ ಇಬ್ಬರೂ ಆಳುವವರ ಕಡೆಯ ಜನ. ಅವರ ಪೆಟ್ಟಿಗೆ ಹೊತ್ತವರು, ನೀರು ತಂದವರು, ಗುಡಿಯ ಮುಂದಿನ ಮುಳ್ಳುಕಂಟಿ ಕಡಿದವರು ಯಾರೆಂದು ಶೀರ್ಷಿಕೆ ಪುಟ ಹೇಳುವುದಿಲ್ಲ. ಆ ಕಾಲದ ಸ್ಮಾರಕ ಚಿತ್ರಗಳಲ್ಲಿ ಊರಿನ ಮನುಷ್ಯ ಕಾಣಿಸಿಕೊಂಡರೆ ಅದು ಕಂಬದ ಎತ್ತರ ತಿಳಿಸುವ ಅಳತೆಗೋಲಾಗಿ. ಇದನ್ನು ಒಡನಾಟ ಎಂದು ಕರೆಯುವುದು ಅನ್ಯಾಯ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ. ಸಿದ್ಧತೆ ಇದ್ದೂ ಸ್ಥಳೀಯರೊಂದಿಗೆ ಸ್ನೇಹ ಇಲ್ಲದ ಕಡೆ ಚಿತ್ರಕ್ಕೆ ಏನು ಕೊರತೆಯಾಗುತ್ತದೆ ಎಂಬುದು ಈ ಪುಸ್ತಕದಲ್ಲೇ ಕಾಣುತ್ತದೆ. ಕಲ್ಲು ಪೂರ್ತಿ ಬಂದಿದೆ, ಕಲ್ಲಿನ ಸುತ್ತ ಬದುಕಿದ್ದ ಧಾರವಾಡ ಸೀಮೆ ಬಂದಿಲ್ಲ.

ಆ ಕೊರತೆಯನ್ನು ತುಂಬಿದ ಕನ್ನಡಿಗನ ಹೆಸರು ಟಿ.ಎಸ್. ಸತ್ಯನ್. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಇಲಸ್ಟ್ರೇಟೆಡ್ ವೀಕ್ಲಿ’ಗಳಲ್ಲಿ ದುಡಿದು, ಮುಂದೆ ಸ್ವತಂತ್ರವಾಗಿ ದೇಶ ಸುತ್ತಿದ ಅವರ ಚಿತ್ರಗಳು ‘ಲೈಫ್’ನಂಥ ಪತ್ರಿಕೆಗಳಲ್ಲಿ ಬಂದವು. 1977ರಲ್ಲಿ ಪದ್ಮಶ್ರೀ ಬಂತು. ಆದರೆ ನನ್ನ ಮಟ್ಟಿಗೆ ಅವರ ಬದುಕಿನ ಮುಖ್ಯ ಪಾಠ ಪ್ರಶಸ್ತಿಗಳಲ್ಲಿಲ್ಲ, ಅವರು ಹಿಡಿದ ಉದ್ದನೆಯ ಕೆಲಸಗಳಲ್ಲಿದೆ. ಸಿಡುಬನ್ನು ದೇಶದಿಂದ ಓಡಿಸುವ ಆಂದೋಲನದಲ್ಲಿ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರ ತೆಗೆದರು. ಮನೆಮನೆಗೆ ಹೋಗಿ, ಸಿಡುಬಾದ ಮಗುವಿನ ಚಿತ್ರವಿರುವ ಕಾರ್ಡು ತೋರಿಸಿ, ಇಂಥ ರೋಗಿ ಇದ್ದಾರೆಯೇ ಎಂದು ಕೇಳುವ ಕಾರ್ಯಕರ್ತರ ದಂಡೇ ಆ ಆಂದೋಲನದ ಬೆನ್ನೆಲುಬು. ಅಂಥ ಮನೆಯ ಹೊಸ್ತಿಲಲ್ಲಿ ಅಪರಿಚಿತನೊಬ್ಬ ಕ್ಯಾಮೆರಾ ಎತ್ತಬೇಕಾದರೆ ಮೊದಲು ಆ ಕಾರ್ಯಕರ್ತರ ವಿಶ್ವಾಸ ಗಳಿಸಬೇಕು, ಆಮೇಲೆ ತಾಯಿಯದು, ಕೊನೆಗೆ ಮಗುವಿನದು. ಸತ್ಯನ್ ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ಆ ಮಕ್ಕಳ ಮುಖದಲ್ಲಿ ಅಂಜಿಕೆ ಇಲ್ಲದಿರುವುದನ್ನು ಗಮನಿಸಿದರೆ ತೆಗೆದವ ಎಷ್ಟು ಹೊತ್ತು ಸುಮ್ಮನೆ ಕೂತಿದ್ದಿರಬೇಕು ಎಂದು ಊಹಿಸಬಹುದು.

ಅವರ ಸ್ನೇಹಗಳೂ ಕೆಲಸದ ಭಾಗವೇ ಆಗಿದ್ದವು. ಕಾಲೇಜಿನ ಕಾಲದ ಗೆಳೆಯ ಎಚ್.ವೈ. ಶಾರದಾಪ್ರಸಾದ್ ಮುಂದೆ ಪ್ರಧಾನಿಗಳ ಮಾಹಿತಿ ಸಲಹೆಗಾರರಾದರು; ಅವರ ಬರಹ, ಸತ್ಯನ್ ಚಿತ್ರ ಸೇರಿ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ ಬಂತು. ಆರ್.ಕೆ. ನಾರಾಯಣ್ ಜೊತೆಗಿನ ದೀರ್ಘ ಗೆಳೆತನದಿಂದ ಆ ಲೇಖಕನ ಅತ್ಯಂತ ಸಹಜ ಚಿತ್ರಗಳು ನಮಗೆ ಸಿಕ್ಕಿವೆ. ಇಂಥ ಚಿತ್ರಗಳು ಒಂದು ಭೇಟಿಯಲ್ಲಿ ಆಗುವುದಿಲ್ಲ. ತಮ್ಮ ನೆನಪುಗಳನ್ನು ಸತ್ಯನ್ ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’ಯಾಗಿ, ಇಂಗ್ಲಿಷಿನಲ್ಲಿ ‘ಅಲೈವ್ ಆ್ಯಂಡ್ ಕ್ಲಿಕಿಂಗ್’ ಎಂದು ಬರೆದಿದ್ದಾರೆ. ಫಿಲ್ಮ್ ಹಿಡಿಯುವ ಪ್ರತಿಯೊಬ್ಬ ಕನ್ನಡದ ಹುಡುಗ, ಹುಡುಗಿ ಓದಬೇಕಾದ ಪುಸ್ತಕಗಳವು. 2009ರ ಡಿಸೆಂಬರಿನಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು.

ಇನ್ನೊಂದು ಸಾಕ್ಷಿ ಹಂಪಿಯದು. ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ ಅರವತ್ತರಷ್ಟು ದೊಡ್ಡ ಮೇಣದ ಕಾಗದದ ನೆಗೆಟಿವ್ ಮಾಡಿದ್ದರು. ಅವು ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿದ್ದು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. ಆಗ ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಷೆಲ್, ಪುರಾತತ್ವಜ್ಞ ಜಾನ್ ಫ್ರಿಟ್ಸ್ ಹಂಪಿಯಲ್ಲಿ ಬಿಡಾರ ಹೂಡಿ ವಿಜಯನಗರದ ನಕ್ಷೆ ತಯಾರಿಸುತ್ತಿದ್ದರು. ಅವರ ಜೊತೆಗೂಡಿದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. 1856 ಮತ್ತು 1983ರ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಗೋಪುರದ ಗಾರೆ ಉದುರಿದೆ, ಯಾವ ಕಂಬ ಬಿದ್ದಿದೆ, ಎಲ್ಲಿ ದುರಸ್ತಿಯಾಗಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಒಬ್ಬನೇ ಮನುಷ್ಯ, ಎಷ್ಟೇ ಒಳ್ಳೆಯ ಕ್ಯಾಮೆರಾ ಇದ್ದರೂ, ಈ ಕೆಲಸ ಮಾಡಲಾರ. ನಕ್ಷೆ ಬಲ್ಲ ಗೆಳೆಯರು ಬೇಕು, ನೆಗೆಟಿವ್ ಕಾಪಾಡಿದ ಕೈಗಳು ಬೇಕು.

ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಹೊರಡುವ ಇಂದಿನ ಫಿಲ್ಮ್ ಛಾಯಾಗ್ರಾಹಕನ ಸಿದ್ಧತೆಯೂ ಸಣ್ಣದಲ್ಲ. ಗದಗಿನಿಂದ ಸುಮಾರು 12 ಕಿಲೋಮೀಟರು, ಒಂದೇ ದಿನದಲ್ಲಿ ಹೋಗಿ ಬರುವ ದಾರಿ. ಆದರೆ ಗುಡಿಯೊಳಗೆ ಕತ್ತಲೆ. ಟ್ರೈಪಾಡ್ ಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ದೀರ್ಘ ಬೆಳಕಿಗೆ ಫಿಲ್ಮ್ ಸೋಮಾರಿಯಾಗುತ್ತದೆ: ಮೀಟರು 10 ಸೆಕೆಂಡು ಎಂದರೆ ಇಲ್‌ಫೋರ್ಡ್ ಎಚ್‌ಪಿ5 ಫಿಲ್ಮಿಗೆ 20 ಸೆಕೆಂಡಿನಷ್ಟು ಕೊಡಬೇಕು, ಈ ಲೆಕ್ಕ ಚೀಟಿಯಲ್ಲಿ ಬರೆದಿಟ್ಟುಕೊಳ್ಳದವನ ಚಿತ್ರಗಳು ಕಪ್ಪಾಗಿ ಬರುತ್ತವೆ. ಫ್ರಿಜ್ಜಿನಿಂದ ತೆಗೆದ ರೋಲನ್ನು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆಯೇ ಬಿಚ್ಚಬೇಕು, ಇಲ್ಲದಿದ್ದರೆ ತೇವ ಕೂರುತ್ತದೆ. ಕಪ್ಪು-ಬಿಳುಪನ್ನು ಮನೆಯಲ್ಲೇ ತೊಳೆಯುವವರಿಗೆ ಏಪ್ರಿಲ್-ಮೇ ತಿಂಗಳ ನಲ್ಲಿ ನೀರು ದೊಡ್ಡ ಶತ್ರು. ಡೆವಲಪರ್ 20 ಡಿಗ್ರಿಯಲ್ಲಿರಬೇಕೆಂಬುದು ಪೊಟ್ಟಣದ ಮೇಲಿನ ಮಾತು. 30 ಡಿಗ್ರಿಗೆ ಏರಿದರೆ ತೊಳೆಯುವ ಸಮಯ ಅರ್ಧಕ್ಕೂ ಕೆಳಗಿಳಿದು ಚಿತ್ರದಲ್ಲಿ ಕಲೆ, ಗೆರೆ ಬೀಳುತ್ತವೆ. ಮಳೆಗಾಲದ ಧಾರವಾಡದಲ್ಲಿ ಲೆನ್ಸಿಗೂ ನೆಗೆಟಿವ್‌ಗೂ ಬೂಷ್ಟು. ವಿಮಾನದಲ್ಲಿ ಹೋಗುವವರು ರೋಲುಗಳನ್ನು ದೊಡ್ಡ ಲಗೇಜಿನಲ್ಲಿ ಹಾಕಲೇಬಾರದು, ಕೈಚೀಲದಲ್ಲಿಟ್ಟು, ಹೊಸ ಸಿ.ಟಿ. ಸ್ಕ್ಯಾನರ್ ಇರುವ ಕಡೆ ಕೈಯಿಂದ ತಪಾಸಣೆ ಮಾಡಿ ಎಂದು ವಿನಯದಿಂದ ಕೇಳಬೇಕು. ಇಷ್ಟೆಲ್ಲ ಮಾಡಿ ತಲುಪಿದವನು ಕಂಡಕಂಡದ್ದಕ್ಕೆ ಒತ್ತುವುದಿಲ್ಲ. ಮೂವತ್ತಾರರಲ್ಲಿ ಇದು ಎಷ್ಟನೆಯದು ಎಂಬ ಅರಿವು ಬೆರಳಿನಲ್ಲಿರುತ್ತದೆ.

ಡಿಜಿಟಲ್ ಕ್ಯಾಮೆರಾ ಹಿಡಿದವರೂ ಹೀಗೇ ಸಿದ್ಧರಾಗಬಹುದಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಆಗಬಹುದು, ಒಳ್ಳೆಯವರು ಆಗುತ್ತಾರೆ. ಕೊಡಾಕ್ ಕಂಪನಿ 2009ರಲ್ಲಿ ಕೊಡಾಕ್ರೋಮ್ ನಿಲ್ಲಿಸಿದಾಗ ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಅಮೆರಿಕದ ಸ್ಟೀವ್ ಮೆಕರಿ ಪಡೆದುಕೊಂಡರು. ನ್ಯೂಯಾರ್ಕು, ಭಾರತ, ಇಸ್ತಾಂಬುಲ್ ಸುತ್ತಿ ಆ 36 ಚೌಕಟ್ಟುಗಳನ್ನು ತುಂಬಿ, ಕಾನ್ಸಾಸಿನ ಪಾರ್ಸನ್ಸ್ ಪಟ್ಟಣಕ್ಕೆ ಕೊಂಡೊಯ್ದು ತೊಳೆಸಿದರು. ಬೆಳಕನ್ನು ಮೊದಲು ಡಿಜಿಟಲ್ ಕ್ಯಾಮೆರಾದಲ್ಲಿ ಪರೀಕ್ಷಿಸಿ, ಆಮೇಲೆ ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಎರಡು ಯಂತ್ರಗಳ ನಡುವೆ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಡಿಜಿಟಲ್‌ನಲ್ಲಿ ಶಿಸ್ತು ನಮ್ಮ ಆಯ್ಕೆ; ಬೇಸರವಾದ ದಿನ ಬಿಟ್ಟುಬಿಡಬಹುದು. ಫಿಲ್ಮಿನಲ್ಲಿ ಅದು ಷರತ್ತು. ಕಲಿಯುವ ವಯಸ್ಸಿನಲ್ಲಿ ಷರತ್ತಿನಿಂದ ಬಂದ ಅಭ್ಯಾಸ ಆಯ್ಕೆಯಿಂದ ಬಂದದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ ಎಂದು ನಾನು ನಂಬಿದ್ದೇನೆ. ಸಂಗೀತದ ಮನೆಗಳಿರುವ ಧಾರವಾಡಕ್ಕೆ ಈ ಮಾತು ಹೊಸದಲ್ಲ. ರಾಗ ಬಿಚ್ಚುವ ಮೊದಲು ಎಷ್ಟು ವರ್ಷ ಸ್ವರ ಹಿಡಿದಿರಬೇಕು ಎಂಬುದು ಇಲ್ಲಿನವರಿಗೆ ಗೊತ್ತು.

ದುಡ್ಡಿನ ಆಕ್ಷೇಪ ಇದಕ್ಕಿಂತ ಕಠಿಣ. ಒಂದು ಬಣ್ಣದ ರೋಲು ಕೊಂಡು, ಬೆಂಗಳೂರಿಗೋ ಮುಂಬೈಗೋ ಕಳಿಸಿ, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಒಂದು ಸಾರಿ ಒತ್ತಿದರೆ 30 ರೂಪಾಯಿ ಆಸುಪಾಸು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ತಯಾರಿಸುತ್ತಿದ್ದ ಕಾಲದಲ್ಲಿ ಸಣ್ಣ ಊರಿನ ಸ್ಟುಡಿಯೊಗೂ ಅದು ಎಟುಕುತ್ತಿತ್ತು. ಆ ಕಾರ್ಖಾನೆ ಮುಚ್ಚಿತು, ಈಗ ಬರುವುದೆಲ್ಲ ವಿದೇಶದ ಮಾಲು. ಹೀಗಾಗಿ ಫಿಲ್ಮ್ ಉಳ್ಳವರ ಹವ್ಯಾಸವಾಗುವ ಅಪಾಯ ನಿಜ. ಉತ್ತರ ಮತ್ತೆ ಒಡನಾಟದಲ್ಲೇ ಇದೆ. ನೂರು ಅಡಿಯ ಕಪ್ಪು-ಬಿಳುಪು ಫಿಲ್ಮಿನ ದೊಡ್ಡ ಸುರುಳಿ ಕೊಂಡು ನಾಲ್ಕು ಜನ ಹಂಚಿಕೊಂಡರೆ, ಒಂದೇ ತೊಟ್ಟಿಯಲ್ಲಿ ಸೇರಿ ತೊಳೆದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ಬಳಸಿದ ಹೈಪೋ ದ್ರಾವಣದಲ್ಲಿ ಬೆಳ್ಳಿ ಕರಗಿರುತ್ತದೆ, ಮೀನಿಗೆ ಅದು ವಿಷ. ಉಕ್ಕಿನ ನಾರು ಹಾಕಿ ಬೆಳ್ಳಿಯನ್ನು ಬೇರ್ಪಡಿಸಬಹುದು. ಆ ಕೆಲಸವನ್ನೂ ಗುಂಪು ಮಾಡಿದಷ್ಟು ಚೆನ್ನಾಗಿ ಒಂಟಿ ಮನುಷ್ಯ ಮಾಡುವುದಿಲ್ಲ. ಉಣಕಲ್ ಕೆರೆಗೆ, ಕೆಲಗೇರಿ ಕೆರೆಗೆ ಸೇರುವ ಚರಂಡಿಗೆ ಅದನ್ನು ಚೆಲ್ಲುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ಹುಬ್ಬಳ್ಳಿ-ಧಾರವಾಡದ ಫಿಲ್ಮ್ ಛಾಯಾಗ್ರಾಹಕರು ಏನನ್ನು ಕೈಗೆತ್ತಿಕೊಳ್ಳಬೇಕು? ಲಡಾಖ್, ವಾರಾಣಸಿಗಳ ಹಂಬಲವನ್ನು ಕೆಲವು ವರ್ಷ ಮುಂದೂಡಿ, ಪಿಗೊ ಮತ್ತು ಬಿಗ್ಸ್ ನಿಂತ ಜಾಗಗಳಲ್ಲಿ ಮತ್ತೆ ನಿಲ್ಲಬೇಕು ಎಂಬುದು ನನ್ನ ಒತ್ತಾಯ. ಅವರು ಧಾರವಾಡವೆಂದು ಕರೆದ ಸೀಮೆ 1997ರಲ್ಲಿ ಧಾರವಾಡ, ಗದಗ, ಹಾವೇರಿ ಎಂದು ಮೂರು ಜಿಲ್ಲೆಯಾಗಿದೆ. ಗದಗ, ಲಕ್ಕುಂಡಿ, ಡಂಬಳ ಯಾವುದೂ ಒಂದು ದಿನದ ದಾರಿಗಿಂತ ದೂರವಿಲ್ಲ. ಬಾದಾಮಿಗೆ ಗದಗಿನ ಮೇಲೆ ರೈಲೇ ಇದೆ. ಅವರು ಬಿಟ್ಟದ್ದನ್ನು ಸೇರಿಸಬೇಕು: ಉಣಕಲ್ಲಿನ ಚಂದ್ರಮೌಳೇಶ್ವರ, ಅಮರಗೋಳದ ಬನಶಂಕರಿ ಗುಡಿಗಳ ಸುತ್ತ ಬೆಳೆದ ಬಡಾವಣೆ, ಪೂಜಾರಿ, ಹೂ ಮಾರುವವರು, ಕಟ್ಟೆಯ ಮೇಲೆ ಕೂರುವ ಹಿರಿಯರು, ಅವರ ಹೆಸರು ಸಮೇತ. ನೆರವಿಗೆ ಗೆಳೆಯರ ಕೊರತೆಯಿಲ್ಲ. ಶಾಸನ ಓದುವವರು, ಗುಡಿಯ ಕಾಲ ಹೇಳಬಲ್ಲವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಇದ್ದಾರೆ. 1890ರಿಂದ ನಡೆದುಬಂದಿರುವ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ವೇದಿಕೆ ಪ್ರದರ್ಶನಕ್ಕಿದೆ. ಟೇಲರ್ ಇಲ್ಲದೆ ಪಿಗೊ ಚಿತ್ರಗಳು ಹೇಗೆ ಮೂಕವಾಗುತ್ತಿದ್ದವೋ ಹಾಗೆ ಇವರಿಲ್ಲದೆ ನಮ್ಮ ಹೊಸ ಚಿತ್ರಗಳೂ ಮೂಕವೇ.

ಓದುಗರ ಪಾಲಿನದೂ ಒಂದು ಕೆಲಸವಿದೆ. ಎರಡೂ ಊರುಗಳ ಹಳೆಯ ಸ್ಟುಡಿಯೊ ಮನೆತನಗಳಲ್ಲಿ, ಮದುವೆ ಆಲ್ಬಮ್ಮಿನ ಹಿಂದೆ, ಟ್ರಂಕಿನ ತಳದಲ್ಲಿ ನೆಗೆಟಿವ್ ಡಬ್ಬಿಗಳಿವೆ. ಅಸಿಟೇಟ್ ಫಿಲ್ಮ್ ಕೆಡಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ. ಅಂಥದ್ದನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಿಸಿ. ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಕಾಗದದ ಲಕೋಟೆಗೆ ಹಾಕಿ, ತೇವ ತಾಗದ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಲಕೋಟೆಯ ಮೇಲೆ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ, ಈ ದಸರಾ ರಜೆಯಲ್ಲೇ ಬರೆಯಿರಿ.